ಗುಲಾಬಿ ಸೆಂಟಿನಲ್ಲಿ ಲವಂಗ ಎಲ್ಲಿಂದ ಬಂತು?

ಪ್ರಶ್ನೆ: ದುಬೈನಿಂದ ಬಂದ ನಾದಿನಿ ನನಗೊಂದು ಪರ್ಫ್ಯೂಮ್ ಕೊಟ್ಟಿದ್ದಾಳೆ. ಪೆಟ್ಟಿಗೆಯ ಮೇಲೆ ಗುಲಾಬಿಯ ಚಿತ್ರವಿದೆ. ಹಾಕಿಕೊಂಡರೆ ಮೊದಲು ಮೂಗಿಗೆ ಬಡಿಯುವುದು ಲವಂಗ ಮತ್ತು ಕಾಳುಮೆಣಸು. ನಮ್ಮ ಯಜಮಾನರು ‘ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ವಾಸನೆ’ ಎನ್ನುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಗುಲಾಬಿ ಬರುತ್ತದೆ ನಿಜ, ಆದರೆ ಅದು ನಮ್ಮ ಪನ್ನೀರಿನಂತಿಲ್ಲ, ಹಣ್ಣಿನ ಜಾಮ್‌ನಂತೆ ಗಾಢವಾಗಿದೆ. ದ್ರವದ ಬಣ್ಣವೂ ಕಂದು. ಇದು ಹಾಳಾಗಿದೆಯೇ ಅಥವಾ ನಕಲಿಯೇ? ಗುಲಾಬಿಗೆ ಮಸಾಲೆ ಏಕೆ ಹಾಕುತ್ತಾರೆ? ಮೇ ತಿಂಗಳಲ್ಲಿ ಮನೆಯಲ್ಲಿ ಮದುವೆಯಿದೆ. ದಾವಣಗೆರೆಯ ಬಿಸಿಲಿನಲ್ಲಿ ಇದನ್ನು ಹಾಕಿಕೊಳ್ಳಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಬರೆದ ಲಕ್ಷಣಗಳಲ್ಲಿ ಯಾವುದೂ ಹಾಳಾದ ಸೆಂಟಿನದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಬಾಟಲಿಯನ್ನು ಎಸೆಯಬೇಡಿ. ನಿಮ್ಮ ಯಜಮಾನರ ಮೂಗಂತೂ ಬಹಳ ಚುರುಕು. ಹಲ್ಲಿನ ವೈದ್ಯರು ತಾತ್ಕಾಲಿಕವಾಗಿ ಹಲ್ಲು ತುಂಬುವಾಗ ಜಿಂಕ್ ಆಕ್ಸೈಡ್ ಪುಡಿಯನ್ನು ಯೂಜಿನಾಲ್ ಎಂಬ ಎಣ್ಣೆಯಲ್ಲಿ ಕಲಸುತ್ತಾರೆ. ಕ್ಲಿನಿಕ್ಕಿನ ಬಾಗಿಲಲ್ಲೇ ನಮ್ಮನ್ನು ಎದುರುಗೊಳ್ಳುವ ವಾಸನೆ ಅದರದು. ಲವಂಗದ ಮೊಗ್ಗಿನ ಎಣ್ಣೆಯಲ್ಲಿ ಶೇ 70ರಿಂದ 90ರಷ್ಟು ಇರುವುದೂ ಇದೇ ಯೂಜಿನಾಲ್. ನಿಮ್ಮ ಬಾಟಲಿಯಲ್ಲೂ ಅದಿದೆ. ನಂಬಿಕೆ ಬಾರದಿದ್ದರೆ ಪೆಟ್ಟಿಗೆಯ ತಳದಲ್ಲಿ ಇರುವೆಯ ಸಾಲಿನಂತೆ ಅಚ್ಚಾಗಿರುವ ಘಟಕಗಳ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿ. ಸಿಟ್ರೊನೆಲಾಲ್, ಜೆರೇನಿಯಾಲ್, ಲಿನಲೂಲ್ ಎಂಬ ಹೆಸರುಗಳ ನಡುವೆ ಯೂಜಿನಾಲ್ ಬಹುತೇಕ ಸಿಕ್ಕೇ ಸಿಗುತ್ತದೆ. ಕೆಲವರ ಚರ್ಮಕ್ಕೆ ಒಗ್ಗದ ಇಂಥ ವಸ್ತುಗಳು ಮೈಗೆ ಹಾಕುವ ಸುಗಂಧದಲ್ಲಿ ಶೇ 0.001ಕ್ಕಿಂತ ಹೆಚ್ಚಿದ್ದರೆ ಹೆಸರು ಹಾಕಲೇಬೇಕು ಎಂಬುದು ಯುರೋಪಿನ ಕಾನೂನು.

ಈಗ ಮುಖ್ಯ ವಿಷಯ. ಗುಲಾಬಿಗೆ ಮಸಾಲೆ ‘ಹಾಕುತ್ತಾರೆ’ ಎಂದು ನೀವು ಬರೆದಿದ್ದೀರಿ. ಅಗರಬತ್ತಿಯ ಪರಿಮಳ ಬೆರೆಸುವ ಕಸುಬಿನಲ್ಲಿ ಬಹುಕಾಲ ಕಳೆದವನಾಗಿ ನಾನು ಹೇಳುವುದು ಇಷ್ಟು: ಮಸಾಲೆ ಗುಲಾಬಿಯ ಒಳಗೇ ಇದೆ. ಸುಗಂಧ ತಯಾರಕ ಅದನ್ನು ಎತ್ತಿ ತೋರಿಸುತ್ತಾನೆ, ಅಷ್ಟೆ.

ಸುಗಂಧಕ್ಕಾಗಿ ಬೆಳೆಯುವ ಡಮಾಸ್ಕ್ ಗುಲಾಬಿಯ ಎಣ್ಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಘಟಕಗಳಿವೆ. ತೂಕದ ಲೆಕ್ಕದಲ್ಲಿ ದೊಡ್ಡ ಪಾಲು ಸಿಟ್ರೊನೆಲಾಲ್ ಮತ್ತು ಜೆರೇನಿಯಾಲ್‌ಗಳದ್ದು. ನಾವು ಹೂವಿನ ವಾಸನೆ ಎಂದು ಗುರುತಿಸುವ ತಾಜಾತನ, ಸ್ವಲ್ಪ ನಿಂಬೆಯ ಛಾಯೆ, ಎಲ್ಲ ಅವುಗಳಿಂದ. ಯೂಜಿನಾಲ್ ಇರುವುದು ಶೇ 1ರ ಆಸುಪಾಸಿನಲ್ಲಿ. ಅದಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ ಡಮಾಸ್ಕೆನೋನ್ ಎಂಬ ಇನ್ನೊಂದು ವಸ್ತುವಿದೆ. ಬೇಯಿಸಿದ ಸೇಬು, ಒಣದ್ರಾಕ್ಷಿ, ಜೇನು, ತುಸು ತಂಬಾಕು ಇವೆಲ್ಲವನ್ನೂ ನೆನಪಿಸುವ ವಾಸನೆ ಅದರದು. ನೀವು ಜಾಮ್ ಎಂದು ಬರೆದಿರಲ್ಲ, ಅದು ಇದೇ. ತೂಕದಲ್ಲಿ ಲೆಕ್ಕಕ್ಕೇ ಬಾರದಿದ್ದರೂ ಮೂಗಿನ ಮಟ್ಟಿಗೆ ಇದು ದೊಡ್ಡ ಯಜಮಾನ, ಅತಿ ಅಲ್ಪ ಪ್ರಮಾಣದಲ್ಲೂ ನಮಗೆ ಗೊತ್ತಾಗಿಬಿಡುತ್ತದೆ. ಅಂದರೆ ನಿಮ್ಮ ಸೆಂಟಿನಲ್ಲಿ ನೀವು ದೂರಿದ ಎರಡೂ ಗುಣಗಳು, ಆ ಲವಂಗ ಮತ್ತು ಆ ಜಾಮ್, ಹೂವಿನದೇ ಸ್ವಂತ ಆಸ್ತಿ.

ನಾಳೆ ಬೆಳಿಗ್ಗೆ ಹೂವಿನ ಮಾರುಕಟ್ಟೆಗೆ ಹೋದಾಗ ಇದನ್ನು ಪರೀಕ್ಷಿಸಿ ನೋಡಬಹುದು. ಹಾರಕ್ಕೆ ಪೋಣಿಸಲು ಬುಟ್ಟಿಯಲ್ಲಿ ಸುರಿದಿರುವ ತಿಳಿಗುಲಾಬಿ ಬಣ್ಣದ ಪನ್ನೀರು ಗುಲಾಬಿಯನ್ನು ಕೇಳಿ ತೆಗೆದುಕೊಳ್ಳಿ. ಬಿಸಿಲೇರುವ ಮೊದಲೇ ಹೋಗಬೇಕು. ಮೊದಲು ಹೂವನ್ನು ಮುಟ್ಟದೆ ಮೂಸಿ, ಸಿಹಿಯಾದ ತಂಪು ವಾಸನೆ ಬರುತ್ತದೆ. ಆಮೇಲೆ ನಾಲ್ಕೈದು ಎಸಳುಗಳನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ನೀರು ಬಿಡುವವರೆಗೆ ಹೊಸಕಿ, ಒಂದು ನಿಮಿಷ ಬಿಟ್ಟು ಮೂಸಿ. ಈಗ ವಾಸನೆ ಕೆಳಗಿಳಿದಿರುತ್ತದೆ: ಸ್ವಲ್ಪ ಒಗರು, ಸ್ವಲ್ಪ ಜೇನು, ಅದರ ಬೆನ್ನಿಗೆ ಖಾರವಲ್ಲದ ಒಂದು ಬೆಚ್ಚನೆಯ ಎಳೆ. ಕೊನೆಯಲ್ಲಿ ಹೂವಿನ ನಡುವಿನ ಹಳದಿ ಕೇಸರಗಳನ್ನು ಮಾತ್ರ ಕಿತ್ತು ಉಜ್ಜಿ ನೋಡಿ. ಕೆಲವು ಗುಲಾಬಿ ಜಾತಿಗಳಲ್ಲಿ ಲವಂಗದ ಎಳೆ ಎಸಳಿಗಿಂತ ಕೇಸರದಲ್ಲಿಯೇ ಸ್ಪಷ್ಟ. ಪಕ್ಕದಲ್ಲಿ ಅಡುಗೆಮನೆಯ ಒಂದು ಲವಂಗದ ತಲೆಯನ್ನು ಉಗುರಿನಿಂದ ಚಿವುಟಿ ಇಟ್ಟುಕೊಂಡರೆ ಹೋಲಿಸುವುದು ಸುಲಭ.

ಈ ಪರೀಕ್ಷೆಗೆ ಬೊಕೆಗಳಲ್ಲಿ ಸಿಗುವ ಉದ್ದ ಕಡ್ಡಿಯ ಕೆಂಪು ಗುಲಾಬಿಯನ್ನು ಮಾತ್ರ ತರಬೇಡಿ. ಹಸಿರುಮನೆಯಲ್ಲಿ ಬೆಳೆದ ಆ ಹೂಗಳನ್ನು ಬಣ್ಣಕ್ಕಾಗಿ, ವಾರಗಟ್ಟಲೆ ಬಾಡದೆ ನಿಲ್ಲುವುದಕ್ಕಾಗಿ ಆರಿಸಿ ಆರಿಸಿ ರೂಪಿಸಿದ್ದಾರೆ. ಪರಿಮಳ ದಾರಿಯಲ್ಲೇ ಕಳೆದುಹೋಗಿದೆ. ಗುಲಾಬಿಯ ಎಸಳಿನಲ್ಲಿ ಜೆರೇನಿಯಾಲ್ ತಯಾರಾಗಲು ಒಂದು ನಿರ್ದಿಷ್ಟ ಕಿಣ್ವ ಬೇಕು, ಪರಿಮಳವಿಲ್ಲದ ತಳಿಗಳಲ್ಲಿ ಆ ಕಿಣ್ವದ ಜೀನ್ ಹೆಚ್ಚುಕಡಿಮೆ ಮಲಗಿಬಿಟ್ಟಿರುತ್ತದೆ ಎಂಬುದನ್ನು ಫ್ರಾನ್ಸಿನ ಸಂಶೋಧಕರು 2015ರಲ್ಲಿ ತೋರಿಸಿದರು. ಇಂದಿನ ಮಕ್ಕಳಿಗೆ ಗುಲಾಬಿ ಎಂದರೆ ಈ ಮೂಕ ಹೂವು ಎಂಬುದು ನನಗೆ ಸಣ್ಣ ಬೇಸರ.

ಹಾಗಾದರೆ ನಿಮ್ಮ ತಲೆಯಲ್ಲಿರುವ ‘ಪನ್ನೀರಿನ ಗುಲಾಬಿ’ ಎಲ್ಲಿಯದು? ಅದಕ್ಕೂ ಲೆಕ್ಕವಿದೆ. ಗುಲಾಬಿಯಲ್ಲಿ ಫಿನೈಲ್ ಈಥೈಲ್ ಆಲ್ಕೋಹಾಲ್ ಎಂಬ ಸೌಮ್ಯವಾದ, ಸಿಹಿಯಾದ ಘಟಕವೊಂದು ಧಾರಾಳವಾಗಿರುತ್ತದೆ. ಅದು ನೀರಿನಲ್ಲಿ ಸಾಕಷ್ಟು ಕರಗುತ್ತದೆ. ಹೂವನ್ನು ಹಬೆಯಲ್ಲಿ ಭಟ್ಟಿ ಇಳಿಸಿದಾಗ ಎಣ್ಣೆ ಮೇಲೆ ತೇಲುತ್ತದೆ, ಈ ಘಟಕದ ಬಹುಪಾಲು ಕೆಳಗಿನ ನೀರಿಗೆ ಸೇರುತ್ತದೆ. ಆ ನೀರೇ ಪನ್ನೀರು. ಹೀಗಾಗಿ ಮದುವೆ ಮನೆಯ ಬಾಗಿಲಲ್ಲಿ ಪನ್ನೀರುದಾನಿಯಿಂದ ಚಿಮುಕಿಸುವಾಗ ನಮಗೆ ಸಿಗುವುದು ಗುಲಾಬಿಯ ಸಾಧುವಾದ ಅರ್ಧ. ಲವಂಗ, ಜೇನು, ಒಗರು ಇರುವ ಇನ್ನರ್ಧ ಎಣ್ಣೆಯೊಂದಿಗೆ ಬೇರೆ ದಾರಿ ಹಿಡಿದಿರುತ್ತದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಪನ್ನೀರಿನಲ್ಲಂತೂ ಹೂವೇ ಇರುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಅದೇ ಆಲ್ಕೋಹಾಲನ್ನು ನೀರಿಗೆ ಬೆರೆಸಿರುತ್ತಾರೆ. ಗುಲಾಬಿ ಶರಬತ್ತು, ಗುಲಾಬಿ ಊದಿನಕಡ್ಡಿ, ಗುಲಾಬಿ ಸೋಪು ಎಲ್ಲದರ ಬೆನ್ನೆಲುಬೂ ಅದೇ. ಚಿಕ್ಕಂದಿನಿಂದ ಅದನ್ನೇ ಮೂಸಿದ ಮೂಗು, ನಿಜವಾದ ಗುಲಾಬಿ ಎಣ್ಣೆ ಎದುರಾದಾಗ ‘ಇದರಲ್ಲಿ ಬೇರೇನೋ ಬೆರೆತಿದೆ’ ಎಂದು ಅನುಮಾನಿಸುವುದು ಸಹಜ.

ಸುಗಂಧ ತಯಾರಕನಿಗೆ ಇದೇ ತಲೆನೋವು. ಬರೀ ಗುಲಾಬಿಯನ್ನು ಬಾಟಲಿಗೆ ತುಂಬಿದರೆ ಜನರಿಗೆ ಸೋಪು ಅಥವಾ ಶರಬತ್ತು ನೆನಪಾಗುತ್ತದೆ. ಅದಕ್ಕೆ ಅವನು ಹೂವಿನಲ್ಲಿರುವ ಯೂಜಿನಾಲಿನ ಎಳೆಯನ್ನು ಹಿಡಿದು ಹಿಗ್ಗಿಸುತ್ತಾನೆ. ಪಾಯಸಕ್ಕೆ ಒಂದು ಚಿಟಿಕೆ ಉಪ್ಪು ಬಿದ್ದರೆ ಸಿಹಿ ಎದ್ದು ಕಾಣುವಂತೆ, ಲವಂಗ ಸೇರಿದಾಗ ಗುಲಾಬಿಯ ಸಿಹಿಗೆ ಗಡಿ ಬೀಳುತ್ತದೆ, ಆಳ ಬರುತ್ತದೆ. ಕೈ ಸ್ವಲ್ಪ ಜಾರಿದರೆ ಮಾತ್ರ ಹೂವೇ ಬದಲಾಗುತ್ತದೆ: ಗುಲಾಬಿಗೆ ಲವಂಗ ಹೆಚ್ಚಾದರೆ ಮೂಗಿಗೆ ಅದು ಕಾರ್ನೇಶನ್ ಹೂವು. ಹಳೆಯ ಫ್ರೆಂಚ್ ತಯಾರಕರು ಕಾರ್ನೇಶನ್ ಪರಿಮಳವನ್ನು ಕಟ್ಟುತ್ತಿದ್ದದ್ದೇ ಹೀಗೆ. ನಿಮ್ಮ ಬಾಟಲಿಯ ಮೊದಲ ಹತ್ತು ನಿಮಿಷ ಗುಲಾಬಿ ಎನಿಸದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಕಾಳುಮೆಣಸಿನ ಕೆಲಸ ಬೇರೆ. ಅದು ಗುಲಾಬಿಯ ಮೊದಲ ಉಸಿರಿಗೆ ಗಾಳಿ, ಚುರುಕು ಕೊಡುತ್ತದೆ. ಮೆಣಸೆಂದರೆ ಸೀನು ಬರುತ್ತದೆ ಎಂದು ಹೆದರುವವರಿಗೆ ಒಂದು ಮಾತು: ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಹಬೆಯೊಂದಿಗೆ ಏರುವುದೇ ಇಲ್ಲ. ಭಟ್ಟಿ ಇಳಿಸಿದ ಮೆಣಸಿನ ಎಣ್ಣೆಯಲ್ಲಿ ಕಂಪು ಮಾತ್ರ ಇರುತ್ತದೆ, ಖಾರ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಹಸಿಮೆಣಸಿನಕಾಯಿಯ ಖಾರವೂ ಹಾಗೆಯೇ. ಆದ್ದರಿಂದ ದಾವಣಗೆರೆಯ ಮಿರ್ಚಿ ಸೆಂಟಾಗುವ ಭಯವಿಲ್ಲ. ಇತ್ತೀಚಿನ ಗುಲಾಬಿ ಸೆಂಟುಗಳಲ್ಲಿ ಪಿಂಕ್ ಪೆಪ್ಪರ್ ಎಂಬ ಹೆಸರು ಬಹಳ ಕಾಣುತ್ತದೆ. ಅದು ಮೆಣಸಿನ ಬಳ್ಳಿಯದ್ದಲ್ಲ, ನಮ್ಮ ಮಾವು, ಗೇರುಗಳ ಕುಟುಂಬಕ್ಕೆ ಸೇರಿದ ದಕ್ಷಿಣ ಅಮೆರಿಕದ ಮರದ ಹಣ್ಣು. ವಾಸನೆ ಮೆಣಸಿಗಿಂತ ಹಗುರ, ಅದರಲ್ಲೇ ಸ್ವಲ್ಪ ಗುಲಾಬಿಯ ಛಾಯೆಯೂ ಇದೆ. ಅದಕ್ಕೇ ಎಲ್ಲರೂ ಅದರ ಹಿಂದೆ ಬಿದ್ದಿದ್ದಾರೆ, ನನಗೀಗ ಅದು ಸಾಕಾಗಿದೆ.

ಚಕ್ಕೆ ಸಿಹಿಯನ್ನು, ಏಲಕ್ಕಿ ತಂಪನ್ನು ತರುತ್ತದೆ. ಕೇಸರಿ ಸೇರಿದರೆ ಗುಲಾಬಿಗೆ ಚರ್ಮದ ವಸ್ತುವಿನಂಥ ಗಡಸು ಬರುತ್ತದೆ. ಕೊಲ್ಲಿ ದೇಶಗಳ ಸೆಂಟುಗಳಲ್ಲಿ ಗುಲಾಬಿ, ಕೇಸರಿ, ಅಗರು ಮೂರೂ ಬಿಡದ ಜೋಡಿ. ನಿಮ್ಮ ನಾದಿನಿ ದುಬೈನಿಂದ ತಂದದ್ದು ಎಂದರೆ ತಳದಲ್ಲಿ ಅಗರು ಇದ್ದರೂ ಆಶ್ಚರ್ಯವಿಲ್ಲ. ಅರಬರಿಗೆ ಮಸಾಲೆ ಗುಲಾಬಿ ಹೊಸತೇನಲ್ಲ. ಸೌದಿ ಅರೇಬಿಯದ ತಾಯಿಫ್ ಎಂಬ ಬೆಟ್ಟದ ಊರಿನಲ್ಲಿ ವಸಂತದಲ್ಲಿ ಕೊಯ್ಯುವ ಗುಲಾಬಿಯ ಎಣ್ಣೆ ಸಹಜವಾಗಿಯೇ ಮೆಣಸಿನಂತೆ ಚುರುಕು. ಬಲ್ಗೇರಿಯದ ಕಝನ್ಲಾಕ್ ಕಣಿವೆಯದ್ದು, ಟರ್ಕಿಯ ಇಸ್ಪಾರ್ಟದ್ದು ಮೃದು. ಹೂವಿನ ಜಾತಿ ಒಂದೇ ಆದರೂ ನೆಲ, ಎತ್ತರ, ಭಟ್ಟಿಯ ಹಂಡೆ ಬೇರೆಯಾದರೆ ಎಣ್ಣೆಯ ಸ್ವಭಾವವೂ ಬೇರೆ.

ಪಾಶ್ಚಾತ್ಯ ಸುಗಂಧಗಳಲ್ಲಿ ಈ ಬಗೆಗೆ ದೊಡ್ಡ ಮನೆತನವೇ ಇದೆ. ಕ್ಯಾರೋನ್ ಸಂಸ್ಥೆಯ ‘ಪರ್ಫಾಂ ಸಾಕ್ರೆ’ 1990ರದ್ದು, ಗುಲಾಬಿಯ ಜೊತೆಗೆ ಮೆಣಸು ಮತ್ತು ಧೂಪದ ಅಂಟು. 2010ರಲ್ಲಿ ಡೊಮಿನಿಕ್ ರೋಪಿಯೋಂ ರೂಪಿಸಿದ ‘ಪೋರ್ಟ್ರೇಟ್ ಆಫ್ ಎ ಲೇಡಿ’ ಟರ್ಕಿಯ ಗುಲಾಬಿಯನ್ನು ಲವಂಗ, ಚಕ್ಕೆ, ರಾಸ್‌ಬೆರಿ ಹಣ್ಣು, ಪಚೋಲಿ ಎಂಬ ಸುಗಂಧದ ಎಲೆ, ಸಾಂಬ್ರಾಣಿಯ ಜಾತಿಯ ಧೂಪ ಇವುಗಳ ಮೇಲೆ ಕೂರಿಸಿದೆ. ಈಗ ಕೊಲ್ಲಿಯ ಅಂಗಡಿಗಳಲ್ಲಿ ಸಿಗುವ ಎಷ್ಟೋ ಮಸಾಲೆ ಗುಲಾಬಿಗಳು ಇದರ ನೆರಳಿನಲ್ಲಿ ಹುಟ್ಟಿದವು. ನಿಮ್ಮ ಜಾಮ್, ಲವಂಗದ ವರ್ಣನೆ ಓದಿದರೆ ನಿಮ್ಮದೂ ಅದೇ ವಂಶದ್ದೆಂದು ನನ್ನ ಊಹೆ. ನಮಗೂ ಇದು ಪರಕೀಯವೇನಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲೇ ಗಂಧಯುಕ್ತಿಯ, ಅಂದರೆ ಪರಿಮಳ ಬೆರೆಸುವ ವಿದ್ಯೆಯ ಬಗ್ಗೆ ಬರೆದವರು ಲವಂಗ, ಏಲಕ್ಕಿ, ಜಾಯಿಕಾಯಿಗಳನ್ನು ಶ್ರೀಗಂಧ, ಕರ್ಪೂರಗಳ ಜೊತೆ ಲೆಕ್ಕ ಹಾಕಿ ಬೆರೆಸುತ್ತಿದ್ದರು. ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಬಿದಿರಿನ ಕೊಳವೆಯ ಮೂಲಕ ಆವಿಯನ್ನು ಗಂಧದ ಎಣ್ಣೆಯಿರುವ ಪಾತ್ರೆಗೆ ಇಳಿಸಿ ಗುಲಾಬಿ ಅತ್ತರು ಮಾಡುತ್ತಾರೆ. ಮಸಾಲೆ, ಬೇರು, ತೊಗಟೆಗಳನ್ನು ಹೀಗೆಯೇ ಇಳಿಸಿದ ಶಮಾಮಾ ಅತ್ತರಿನ ಒಂದು ಹನಿಯನ್ನು ಗುಲಾಬಿ ಅತ್ತರಿನ ಪಕ್ಕದಲ್ಲಿ ಹಚ್ಚಿಕೊಂಡರೆ ಮಸಾಲೆ ಗುಲಾಬಿ ಮನೆಯಲ್ಲೇ ಸಿದ್ಧ. ಚಳಿಗಾಲಕ್ಕೆ ನನ್ನ ಆಯ್ಕೆ ಅದೇ, ಬಾಟಲಿಯ ಸೆಂಟಲ್ಲ.

ಮೊದಲು ಮಸಾಲೆ, ಆಮೇಲೆ ಗುಲಾಬಿ ಬರುವುದೇಕೆ? ಹಗುರವಾದ ಅಣುಗಳು ಬೇಗ ಹಾರುತ್ತವೆ. ಮೆಣಸು, ಏಲಕ್ಕಿಗಳ ಕಂಪು ಹತ್ತಿಪ್ಪತ್ತು ನಿಮಿಷದ ಆಟ. ಲವಂಗ, ಚಕ್ಕೆ ಇನ್ನೂ ಸ್ವಲ್ಪ ಹೊತ್ತು ಗುಲಾಬಿಯೊಂದಿಗೆ ನಡೆಯುತ್ತವೆ. ಪಚೋಲಿ, ಗಂಧ, ಅಗರು ಸಂಜೆಯವರೆಗೂ ಕೂರುತ್ತವೆ. ಮದ್ಯಸಾರ ಆರುವ ಮೊದಲೇ ಮೂಗನ್ನು ಮಣಿಕಟ್ಟಿಗೆ ಒತ್ತಿ ಮೂಸಿದರೆ ಮಸಾಲೆ ಇನ್ನೂ ಜೋರಾಗಿ ಕಾಣುತ್ತದೆ. ಹಾಕಿದ ಕೂಡಲೇ ತೀರ್ಪು ಕೊಡಬೇಡಿ.

ಇನ್ನೊಂದು ಸ್ವಾರಸ್ಯವಿದೆ. ಗುಲಾಬಿಯಲ್ಲಿ ಅತಿ ಅಲ್ಪವಾಗಿರುವ, ಸೆಂಟಿನಲ್ಲಿ ಹೆಚ್ಚಾಗಿ ಬಳಸುವ ಅಯೊನೋನ್ ಎಂಬ ಹೂವಿನ ಘಟಕವನ್ನು ಗ್ರಹಿಸುವ ಶಕ್ತಿ ಎಲ್ಲರಿಗೂ ಒಂದೇ ತೆರನಾಗಿರುವುದಿಲ್ಲ. ಮೂಗಿನ ಒಂದು ಗ್ರಾಹಕದ ಜೀನ್‌ನಲ್ಲಿರುವ ವ್ಯತ್ಯಾಸ ಇದಕ್ಕೆ ಕಾರಣ. ಕೆಲವರಿಗೆ ಅದು ಸ್ಪಷ್ಟವಾದ ಹೂವು, ಕೆಲವರಿಗೆ ಏನೂ ಇಲ್ಲ. ಆ ಹೂವಿನ ಭಾಗ ಕಾಣದವರಿಗೆ ಸಹಜವಾಗಿಯೇ ಲವಂಗವೊಂದೇ ಎದ್ದು ನಿಲ್ಲುತ್ತದೆ. ನಿಮಗೆ ಗುಲಾಬಿ, ಯಜಮಾನರಿಗೆ ಕ್ಲಿನಿಕ್ ಎಂದಾದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕಂದು ಬಣ್ಣದ ಬಗ್ಗೆ. ಯೂಜಿನಾಲ್ ಗಾಳಿ ತಾಗಿದಂತೆ ಕಂದಾಗುತ್ತದೆ, ವ್ಯಾನಿಲಿನ್ ಇದ್ದರೂ ಹಾಗೆಯೇ. ಪಚೋಲಿ ಎಣ್ಣೆ, ದ್ರಾವಕದಿಂದ ತೆಗೆದ ಗುಲಾಬಿ ಸಾರ ಇವುಗಳಿಗೆ ಹುಟ್ಟಿನಿಂದಲೇ ಬಣ್ಣವಿದೆ. ಹಾಗಾಗಿ ಮಸಾಲೆ ಗುಲಾಬಿ ಕಂದಾಗಿರುವುದೇ ಹೆಚ್ಚು. ಹಾಳಾದ ಸೆಂಟಿನ ಗುರುತು ಬೇರೆ: ಮೊದಲ ಉಸಿರಿನಲ್ಲೇ ಹುಳಿ ಅಥವಾ ಟರ್ಪೆಂಟೈನ್ ವಾಸನೆ, ದ್ರವ ಮಬ್ಬಾಗಿರುವುದು, ಹತ್ತು ನಿಮಿಷದಲ್ಲಿ ಎಲ್ಲ ಮಾಯವಾಗುವುದು. ನಿಮ್ಮದು ಅರ್ಧ ಗಂಟೆಯ ನಂತರ ಅರಳುತ್ತಿದೆ, ಅದು ಆರೋಗ್ಯವಂತ ಸೆಂಟಿನ ನಡೆ.

ನಕಲಿಯೇ ಎಂಬುದನ್ನು ಪತ್ರ ಓದಿ ನಾನು ಹೇಳಲಾರೆ. ಆದರೆ ‘ಶುದ್ಧ ಗುಲಾಬಿ ಎಣ್ಣೆ’ ಎಂದು ಯಾರಾದರೂ ಅಗ್ಗಕ್ಕೆ ಮಾರಿದರೆ ಲೆಕ್ಕ ಹಾಕಿ. ಒಂದು ಕಿಲೋ ಎಣ್ಣೆಗೆ ಸುಮಾರು 3,500ರಿಂದ 4,000 ಕಿಲೋ ಹೂವು ಬೇಕು. 10 ಮಿಲಿಲೀಟರಿನ ಪುಟ್ಟ ಸೀಸೆಗೆ 30 ಕಿಲೋಗಿಂತ ಹೆಚ್ಚು ಹೂವು. ಹಬ್ಬದ ದಿನ ದಾವಣಗೆರೆಯ ಮಾರುಕಟ್ಟೆಯಲ್ಲಿ ಒಂದು ಕಿಲೋ ಗುಲಾಬಿಗೆ ಎಷ್ಟು ಕೊಡುತ್ತೀರಿ, ಗುಣಿಸಿ ನೋಡಿ. ನೂರಿನ್ನೂರು ರೂಪಾಯಿಯ ಸೀಸೆಯಲ್ಲಿ ಇರುವುದು ಹೆಚ್ಚೆಂದರೆ ಜೆರೇನಿಯಂ ಅಥವಾ ಪಾಮರೋಸಾ ಹುಲ್ಲಿನ ಎಣ್ಣೆ. ಜೆರೇನಿಯಾಲ್ ತುಂಬಿದ ಈ ಹುಲ್ಲಿನ ಎಣ್ಣೆ ಹಿಂದೆ ಮುಂಬಯಿಯಿಂದ ಟರ್ಕಿಗೆ ಹೋಗಿ ಅಲ್ಲಿನ ಗುಲಾಬಿ ಎಣ್ಣೆಯೊಳಗೆ ಸದ್ದಿಲ್ಲದೆ ಸೇರುತ್ತಿತ್ತು. ನಮ್ಮ ಹುಲ್ಲು ಅಲ್ಲಿ ಗುಲಾಬಿಯಾದ ಕಥೆ ನನಗೆ ಒಳಗೊಳಗೇ ಖುಷಿ ಕೊಡುತ್ತದೆ ಎಂದರೆ ತಪ್ಪು ತಿಳಿಯಬೇಡಿ. ಬಾಟಲಿಯ ಸೆಂಟುಗಳಲ್ಲಿ ಪ್ರಯೋಗಾಲಯದ ಘಟಕಗಳು ಇದ್ದೇ ಇರುತ್ತವೆ, ಅದಕ್ಕೆ ನಕಲಿ ಎನ್ನುವುದಿಲ್ಲ.

ಇನ್ನು ಮೇ ತಿಂಗಳ ಮದುವೆ. ನಾನಿರುವುದು ಚಿತ್ರದುರ್ಗದಲ್ಲಿ. ಇಲ್ಲಿ ಸಂಜೆಯಾದರೆ ಕೋಟೆಯ ಕಡೆಯಿಂದ ಗಾಳಿ ಬೀಸಿ ಒಂದಿಷ್ಟು ತಪ್ಪು ಮುಚ್ಚಿಹೋಗುತ್ತದೆ, ನಿಮ್ಮಲ್ಲಿ ಆ ಅನುಕೂಲ ಕಡಿಮೆ. ಬಯಲುಸೀಮೆಯ ಬಿಸಿಲು ಸೆಂಟಿಗೆ ಎರಡು ಬಗೆಯಲ್ಲಿ ಕಾಡುತ್ತದೆ. ಚರ್ಮ ಬಿಸಿಯಾದಷ್ಟೂ ಪರಿಮಳ ಒಮ್ಮೆಗೇ ನುಗ್ಗುತ್ತದೆ, ಒಣ ಚರ್ಮದಲ್ಲಿ ಬೇಗ ಮುಗಿದೂ ಹೋಗುತ್ತದೆ. ಅಂದರೆ ಮುಹೂರ್ತದ ಹೊತ್ತಿಗೆ ಅತಿಯಾಗಿ, ಊಟದ ಹೊತ್ತಿಗೆ ಇಲ್ಲದಂತಾಗುತ್ತದೆ. ಜನ ಆಗ ಮತ್ತೆ ನಾಲ್ಕು ಸಲ ಒತ್ತಿಕೊಳ್ಳುತ್ತಾರೆ, ಪಕ್ಕದ ಪಂಕ್ತಿಯವರು ಹೋಳಿಗೆಯ ಬದಲು ಲವಂಗ ತಿಂದಂತಾಗುತ್ತದೆ.

ಆದ್ದರಿಂದ ಸ್ನಾನವಾದ ಮೇಲೆ ಮೈ ಇನ್ನೂ ತಂಪಾಗಿರುವಾಗ, ಪರಿಮಳವಿಲ್ಲದ ಮಾಯಿಶ್ಚರೈಸರ್ ಅಥವಾ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಅದರ ಮೇಲೆ ಒಂದೇ ಒಂದು ಸಲ ಸಿಂಪಡಿಸಿ. ಜಾಗ ಕತ್ತಿನ ಹಿಂಭಾಗವೋ ಮೊಣಕೈಯ ಒಳಭಾಗವೋ ಆಗಲಿ, ಎದೆಯ ಮುಂಭಾಗ ಬೇಡ. ಮನೆ ಬಿಡುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹಾಕಿಕೊಂಡರೆ ಲವಂಗದ ಅಬ್ಬರ ಮನೆಯಲ್ಲೇ ಮುಗಿದು, ಕಲ್ಯಾಣ ಮಂಟಪಕ್ಕೆ ಗುಲಾಬಿ ಬರುತ್ತದೆ. ರೇಷ್ಮೆ ಸೀರೆಗೆ, ಬಿಳಿ ಪಂಚೆಗೆ ನೇರವಾಗಿ ಸಿಂಪಡಿಸಬೇಡಿ, ಕಂದು ಸೆಂಟು ಕಲೆ ಉಳಿಸುತ್ತದೆ. ಒಳಲಂಗದ ಹತ್ತಿ ಅಂಚಿಗೆ ಹಾಕಿದರೆ ಬಟ್ಟೆಯಿಂದ ನಿಧಾನವಾಗಿ ಏಳುತ್ತದೆ, ಕಲೆ ಬಿದ್ದರೂ ಯಾರಿಗೂ ಕಾಣದು. ಮುಡಿದ ಹೂವಿನ ಜೊತೆ ಜಗಳವಾಗುತ್ತದೆಯೇ ಎಂದು ಚಿಂತಿಸಬೇಡಿ. ಜಾಜಿಯ ಸಾರದಲ್ಲೂ ಸ್ವಲ್ಪ ಯೂಜಿನಾಲ್ ಇದೆ, ಮಲ್ಲಿಗೆಯ ದಂಡೆಯ ಪಕ್ಕದಲ್ಲೂ ಮಸಾಲೆ ಗುಲಾಬಿ ಚೆನ್ನಾಗಿಯೇ ಹೊಂದಿಕೊಳ್ಳುತ್ತದೆ. ಹೊಂದದಿರುವುದು ಹಣ್ಣಿನ ವಾಸನೆಯ ಹೇರ್ ಸ್ಪ್ರೇ. ಆ ದಿನ ಎರಡರಲ್ಲಿ ಒಂದನ್ನು ಬಿಡಿ.

ಮದುವೆಗೆ ಒಂದು ವಾರ ಮೊದಲೇ ಚರ್ಮದ ಪರೀಕ್ಷೆ ಮಾಡಿಕೊಳ್ಳಿ. ಮೊಣಕೈಯ ಒಳಭಾಗದಲ್ಲಿ ಒಂದು ಹನಿ ಹಚ್ಚಿ ಎರಡು ದಿನ ಗಮನಿಸಿ. ಯೂಜಿನಾಲ್, ಅದಕ್ಕಿಂತ ಹೆಚ್ಚಾಗಿ ಚಕ್ಕೆಯ ಸಿನಮಾಲ್ಡಿಹೈಡ್, ಕೆಲವರಲ್ಲಿ ತುರಿಕೆ, ಕೆಂಪು ಗುಳ್ಳೆ ತರುತ್ತವೆ. ಅಂತರರಾಷ್ಟ್ರೀಯ ಸುಗಂಧ ಒಕ್ಕೂಟವಾದ ಇಫ್ರಾ ಇವೆರಡಕ್ಕೂ ಮಿತಿ ಹಾಕಿದೆ, ಹಳೆಯ ಕಾಲದಂತೆ ಲವಂಗವನ್ನು ಸುರಿಯುವಂತಿಲ್ಲ. ಆದರೂ ಮಿತಿಯೊಳಗಿನದೂ ಎಲ್ಲರ ಮೈಗೆ ಒಗ್ಗುತ್ತದೆ ಎಂದಲ್ಲ. ತುರಿಕೆ ಬಂದರೆ ಸೆಂಟನ್ನು ಬಟ್ಟೆಗಷ್ಟೇ ಸೀಮಿತಗೊಳಿಸಿ. ಆಗಷ್ಟೇ ಕ್ಷೌರ ಅಥವಾ ವ್ಯಾಕ್ಸಿಂಗ್ ಮಾಡಿದ ಚರ್ಮಕ್ಕೆ ಯಾವ ಸೆಂಟೂ ಬೇಡ.

ಬಾಟಲಿಯನ್ನು ಪಡುವಣ ಗೋಡೆಗೆ ಒರಗಿದ ಉಕ್ಕಿನ ಬೀರುವಿನಲ್ಲಿ ಇಡಬೇಡಿ, ಮೇ ಮಧ್ಯಾಹ್ನ ಆ ಬೀರು ಒಲೆಯಾಗುತ್ತದೆ. ಸ್ನಾನದ ಮನೆಯ ಕಪಾಟೂ ಬೇಡ. ಪೆಟ್ಟಿಗೆಯೊಳಗೇ ಇಟ್ಟು, ಮನೆಯ ಅತಿ ತಂಪಾದ ಒಳಕೋಣೆಯಲ್ಲಿ ಬೆಳಕು ತಾಗದಂತೆ ಇಡಿ. ಫ್ರಿಜ್ಜಿನ ಬಾಗಿಲಿನಲ್ಲಿ ಇಡುವುದಾದರೂ ಅಡ್ಡಿಯಿಲ್ಲ, ಆದರೆ ಮೂತಿಗೆ ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಪಕ್ಕದಲ್ಲಿರುವ ಬೆಣ್ಣೆ ಗುಲಾಬಿಯ ವಾಸನೆ ಹಿಡಿಯುತ್ತದೆ.